ದೋಣಿ ಮತ್ತು ದಡದ ನಡುವೆ: ನೀರಿನ ಮೇಲಿನ ಎಡವಟ್ಟುಗಳು ಏಕೆ, ಹೇಗೆ ಆಗುತ್ತವೆ?

ಎರಡು ದೋಣಿಯಲ್ಲಿ ಕಾಲಿಡಬಾರದು ಎಂಬ ಮಾತನ್ನು ನಾವು ಸಾಮಾನ್ಯವಾಗಿ ಒಂದು ನಿರ್ಧಾರಕ್ಕೆ ಬಾರದೆ ತೂಗಾಡುವವರಿಗೆ ಹೇಳುತ್ತೇವೆ. ಆದರೆ ಆ ಮಾತಿನ ನೇರ ಅರ್ಥವೂ ಅಷ್ಟೇ ನಿಜ. ಒಂದು ಕಾಲು ಜೆಟ್ಟಿಯ ಮೇಲೆ, ಇನ್ನೊಂದು ಕಾಲು ದೋಣಿಯಲ್ಲಿ ಇಟ್ಟ ವ್ಯಕ್ತಿ, ಎರಡರ ನಡುವಿನ ಅಂತರ ನಿಧಾನವಾಗಿ ಹಿಗ್ಗುತ್ತಾ ಹೋಗುವುದನ್ನು ಕಣ್ಣಾರೆ ಕಾಣುತ್ತಲೇ ನೀರಿಗೆ ಬೀಳುವ ದೃಶ್ಯವನ್ನು ಮೊಬೈಲ್ ಪರದೆಯ ಮೇಲೆ ನೋಡದವರು ಈಗ ವಿರಳ. ನೋಡಿದವರು ನಗುತ್ತಾರೆ, ಬಿದ್ದವರು ನಾಚುತ್ತಾರೆ, ವಿಷಯ ಅಲ್ಲಿಗೆ ಮುಗಿಯುತ್ತದೆ.

ಹಿಂದೆ ದೋಣಿ ನಡೆಸುತ್ತಿದ್ದವರು ಬಹುಪಾಲು ಮೀನುಗಾರರು ಮತ್ತು ಅಂಬಿಗರು. ನೀರಿನ ನಡವಳಿಕೆ ಅವರಿಗೆ ಬಾಲ್ಯದಿಂದಲೇ ಮೈಗೂಡಿರುತ್ತಿತ್ತು. ಇಂದು ಜೀವನದಲ್ಲಿ ಒಮ್ಮೆಯೂ ಹುಟ್ಟು ಹಿಡಿಯದವರು ರಜೆಯ ದಿನ ಕಯಾಕ್ ಎಂಬ ಕಿರಿದಾದ ಹುಟ್ಟುದೋಣಿಯನ್ನು ಬಾಡಿಗೆಗೆ ಪಡೆಯುತ್ತಾರೆ, ಹತ್ತು ನಿಮಿಷದ ಸೂಚನೆ ಕೇಳಿ ಎಂಜಿನ್ ದೋಣಿಯ ಚಕ್ರ ಹಿಡಿಯುತ್ತಾರೆ, ಪ್ರವಾಸಿ ದೋಣಿಗಳಲ್ಲಿ ಕುಟುಂಬಸಮೇತ ಕುಳಿತುಕೊಳ್ಳುತ್ತಾರೆ. ಹೀಗಾಗಿ ದೋಣಿ ಏಕೆ ಮಗುಚುತ್ತದೆ, ಏಕೆ ಮಾತು ಕೇಳುವುದಿಲ್ಲ, ದಡದಲ್ಲಿಯೇ ಏಕೆ ಇಷ್ಟೊಂದು ಅವಘಡಗಳಾಗುತ್ತವೆ ಎಂಬ ಪ್ರಶ್ನೆಗಳು ಸಾಮಾನ್ಯ ಓದುಗರಿಗೂ ಸಂಬಂಧಿಸಿದ್ದಾಗಿವೆ. ನಗೆ ತರಿಸುವ ಎಡವಟ್ಟಿಗೂ ನೂರಾರು ಜೀವ ತೆಗೆದ ದುರಂತಕ್ಕೂ ಎಷ್ಟೋ ಬಾರಿ ಕಾರಣ ಒಂದೇ ಆಗಿರುತ್ತದೆ. ನೀರಿನ ಆಳ, ತಂಪು ಮತ್ತು ಕೆಲವು ಕ್ಷಣಗಳ ಅಂತರವಷ್ಟೇ ಬೇರೆ. ಆ ಕಾರಣಗಳನ್ನು ಒಂದೊಂದಾಗಿ ಬಿಡಿಸಿ ನೋಡುವುದು ಈ ಲೇಖನದ ಉದ್ದೇಶ.

ತೇಲುವುದು ಬೇರೆ, ನೆಟ್ಟಗೆ ನಿಲ್ಲುವುದು ಬೇರೆ

ದೋಣಿ ತೇಲುವುದಕ್ಕೆ ಕಾರಣವಾದ ಆರ್ಕಿಮಿಡೀಸ್ ತತ್ವವನ್ನು ಶಾಲೆಯಲ್ಲಿ ಎಲ್ಲರೂ ಓದಿರುತ್ತಾರೆ. ದೋಣಿಯು ತನ್ನ ತೂಕಕ್ಕೆ ಸಮನಾದ ತೂಕದ ನೀರನ್ನು ಪಕ್ಕಕ್ಕೆ ಸರಿಸುವವರೆಗೆ ಕೆಳಗಿಳಿಯುತ್ತದೆ, ಅಲ್ಲಿ ನಿಲ್ಲುತ್ತದೆ. ನೀರು ಅದನ್ನು ಮೇಲಕ್ಕೆ ಒತ್ತುವ ಈ ಬಲವೇ ಪ್ಲವನ ಬಲ. ಆದರೆ ಅಪಘಾತಗಳ ವಿಚಾರದಲ್ಲಿ ಇದಕ್ಕಿಂತ ಮುಖ್ಯವಾದದ್ದು ಇನ್ನೊಂದು ಪ್ರಶ್ನೆ: ತೇಲುತ್ತಿರುವ ವಸ್ತು ವಾಲಿದಾಗ ಮತ್ತೆ ನೆಟ್ಟಗಾಗುತ್ತದೆಯೋ, ಇನ್ನಷ್ಟು ವಾಲುತ್ತದೆಯೋ?

ಇದನ್ನು ನಿರ್ಧರಿಸುವುದು ಎರಡು ಬಿಂದುಗಳು. ದೋಣಿ, ಎಂಜಿನ್, ಸಾಮಾನು, ಜನ ಎಲ್ಲರ ಒಟ್ಟು ತೂಕ ಒಂದೇ ಜಾಗದಲ್ಲಿ ಕೂಡಿದೆ ಎಂದು ಭಾವಿಸಬಹುದಾದ ಬಿಂದು ಗುರುತ್ವ ಕೇಂದ್ರ. ತೂಕ ಅಲ್ಲಿಂದ ಕೆಳಕ್ಕೆ ಎಳೆಯುತ್ತದೆ. ನೀರಿನೊಳಗೆ ಮುಳುಗಿರುವ ಭಾಗದ ನಡುಬಿಂದು ಪ್ಲವನ ಕೇಂದ್ರ; ನೀರು ಅಲ್ಲಿಂದ ಮೇಲಕ್ಕೆ ಒತ್ತುತ್ತದೆ. ದೋಣಿ ಬಲಕ್ಕೆ ವಾಲಿದಾಗ ಬಲಭಾಗ ಹೆಚ್ಚು ಮುಳುಗುವುದರಿಂದ ಪ್ಲವನ ಕೇಂದ್ರವೂ ಬಲಕ್ಕೆ ಸರಿಯುತ್ತದೆ, ಮತ್ತು ಆ ಬದಿಯನ್ನು ಮೇಲಕ್ಕೆ ಎತ್ತಲು ಯತ್ನಿಸುತ್ತದೆ. ಗುರುತ್ವ ಕೇಂದ್ರ ಕೆಳಗಿದ್ದರೆ ಈ ಎರಡು ಬಲಗಳು ಸೇರಿ ದೋಣಿಯನ್ನು ತಿರುಗಿಸಿ ನೆಟ್ಟಗೆ ತರುತ್ತವೆ. ಗುರುತ್ವ ಕೇಂದ್ರ ತೀರಾ ಮೇಲಿದ್ದರೆ ವಾಲಿದೊಡನೆ ಅದು ಪ್ಲವನ ಕೇಂದ್ರಕ್ಕಿಂತಲೂ ಆಚೆಗೆ ಸರಿದುಬಿಡುತ್ತದೆ. ಆಗ ಅವೇ ಎರಡು ಬಲಗಳು ದೋಣಿಯನ್ನು ಮಗುಚುತ್ತವೆ. ಓಡುವ ಬಸ್ಸಿನಲ್ಲಿ ಕಾಲುಗಳನ್ನು ಅಗಲವಾಗಿ ಊರಿ ನಿಂತವನು ತಿರುವಿನಲ್ಲಿ ತೂಗಾಡಿ ಸುಧಾರಿಸಿಕೊಳ್ಳುತ್ತಾನೆ, ಕಾಲು ಜೋಡಿಸಿ ನಿಂತು ತಲೆಯ ಮೇಲೆ ಮೂಟೆ ಹೊತ್ತವನು ಉರುಳುತ್ತಾನೆ. ದೋಣಿಗೂ ಅದೇ ಲೆಕ್ಕ.

ಸಣ್ಣ ದೋಣಿಯಲ್ಲಿ ಎದ್ದು ನಿಲ್ಲಬೇಡಿ ಎಂದು ಅಂಬಿಗರು ಪದೇ ಪದೇ ಹೇಳುವುದು ಇದೇ ಕಾರಣಕ್ಕೆ. ಕಯಾಕ್ ಅಥವಾ ಚಿಕ್ಕ ಹುಟ್ಟುದೋಣಿಯ ತೂಕ ಅದರಲ್ಲಿರುವ ಮನುಷ್ಯನ ತೂಕಕ್ಕಿಂತ ಕಡಿಮೆ ಇರಬಹುದು, ಹೀಗಾಗಿ ಒಟ್ಟು ಗುರುತ್ವ ಕೇಂದ್ರ ಎಲ್ಲಿದೆ ಎಂಬುದನ್ನು ಬಹುಮಟ್ಟಿಗೆ ಆ ಮನುಷ್ಯನೇ ತೀರ್ಮಾನಿಸುತ್ತಾನೆ. ತಳದಲ್ಲಿ ಕುಳಿತವನ ಭಾರ ನೀರಿನ ಮಟ್ಟದ ಆಸುಪಾಸಿನಲ್ಲಿರುತ್ತದೆ. ನಿಂತವನ ಭಾರ ಹೊಕ್ಕುಳಿನ ಎತ್ತರಕ್ಕೆ ಏರುತ್ತದೆ. ದೋಣಿಯ ಸ್ವಭಾವ ಕ್ಷಣಮಾತ್ರದಲ್ಲಿ ಬದಲಾಗುತ್ತದೆ.

ಇಲ್ಲಿ ಹೊಸಬರನ್ನು ದಾರಿತಪ್ಪಿಸುವ ಒಂದು ಅಂಶವಿದೆ. ಅಗಲವಾದ, ಚಪ್ಪಟೆ ತಳದ ದೋಣಿ ಹತ್ತಿದೊಡನೆ ನೆಲದಷ್ಟೇ ಗಟ್ಟಿ ಎನಿಸುತ್ತದೆ. ಆದರೆ ಒಂದು ಮಿತಿಯನ್ನು ದಾಟಿ ಅದರ ಅಂಚು ನೀರನ್ನು ಮುಟ್ಟಿತೆಂದರೆ ಮುನ್ಸೂಚನೆಯಿಲ್ಲದೆ ಮಗುಚುತ್ತದೆ. ತಳದಲ್ಲಿ ಭಾರವಿರುವ ಹಾಯಿದೋಣಿಯಾದರೋ ಸಣ್ಣ ಗಾಳಿಗೂ ವಾಲಿ ಹೆದರಿಸುತ್ತದೆ, ಆದರೆ ವಾಲಿದಷ್ಟೂ ಬಲವಾಗಿ ಹಿಂದಕ್ಕೆ ಬರುತ್ತದೆ. ಮೊದಲ ಹೆಜ್ಜೆಯ ಅನುಭವವನ್ನು ನಂಬಿ ದೋಣಿಯ ಸುರಕ್ಷತೆಯನ್ನು ಅಳೆಯಲಾಗದು.

ಸ್ವೀಡನ್ನಿನ ಯುದ್ಧನೌಕೆ ವಾಸಾದ ಕಥೆ ಈ ತತ್ವದ ಅತ್ಯಂತ ಪ್ರಸಿದ್ಧ ಪಾಠ. 64 ಫಿರಂಗಿಗಳನ್ನು ಹೊತ್ತ ಆ ಭವ್ಯ ಹಡಗು 1628ರ ಆಗಸ್ಟ್ 10ರಂದು ತನ್ನ ಚೊಚ್ಚಲ ಯಾನದಲ್ಲಿ, ಸ್ಟಾಕ್‌ಹೋಮ್ ಬಂದರಿನೊಳಗೇ, ಸುಮಾರು 1,300 ಮೀಟರ್ ಸಾಗಿ ಮುಳುಗಿತು. ಗಾಳಿಯ ಒಂದು ಬೀಸಿಗೆ ವಾಲಿದಾಗ ತೆರೆದಿದ್ದ ಕೆಳಸಾಲಿನ ಫಿರಂಗಿ ಕಿಂಡಿಗಳಿಂದ ನೀರು ನುಗ್ಗಿತು. ಮೇಲ್ಭಾಗ ತೀರಾ ಭಾರವಾಗಿತ್ತು ಎಂಬುದು ಮೊದಲೇ ಗೊತ್ತಿರದ ಸಂಗತಿಯಲ್ಲ. ಹೊರಡುವ ಮುನ್ನ 30 ಜನರನ್ನು ಹಡಗಿನ ಅಟ್ಟದ (ಡೆಕ್) ಮೇಲೆ ಒಂದು ಬದಿಯಿಂದ ಇನ್ನೊಂದು ಬದಿಗೆ ಓಡಿಸಿ ಪರೀಕ್ಷೆ ನಡೆಸಲಾಗಿತ್ತು. ಹಡಗು ಅಪಾಯಕಾರಿಯಾಗಿ ಹೊಯ್ದಾಡಿದ್ದರಿಂದ ಪರೀಕ್ಷೆಯನ್ನೇ ನಿಲ್ಲಿಸಲಾಯಿತು, ಯಾನವನ್ನು ನಿಲ್ಲಿಸಲಿಲ್ಲ. ದೊರೆ ಅವಸರಿಸುತ್ತಿದ್ದ. 1961ರಲ್ಲಿ ಮೇಲೆತ್ತಲಾದ ಆ ಹಡಗು ಈಗ ವಸ್ತುಸಂಗ್ರಹಾಲಯದಲ್ಲಿದೆ.

ಜನರ ಭಾರವೂ ಫಿರಂಗಿಯಷ್ಟೇ ಅಪಾಯಕಾರಿಯಾಗಬಲ್ಲದು ಎಂಬುದಕ್ಕೆ ಷಿಕಾಗೋ ನದಿಯ ಈಸ್ಟ್‌ಲ್ಯಾಂಡ್ ದುರಂತ ಸಾಕ್ಷಿ. 1915ರ ಜುಲೈ 24ರಂದು 2,500ಕ್ಕೂ ಹೆಚ್ಚು ಜನರನ್ನು ತುಂಬಿಕೊಂಡಿದ್ದ ಆ ವಿಹಾರ ಹಡಗು, ಹಗ್ಗಗಳಿಂದ ದಡದ ಕಟ್ಟೆಗೆ ಕಟ್ಟಿದ್ದಂತೆಯೇ ಪಕ್ಕಕ್ಕೆ ಉರುಳಿತು. 844 ಜನ ಸತ್ತರು. ನದಿಯ ಆಳ ಅಲ್ಲಿ ಸುಮಾರು 6 ಮೀಟರ್ ಮಾತ್ರ. ಮೊದಲೇ ಮೇಲ್ಭಾರದ ದೋಷವಿದ್ದ ಆ ಹಡಗಿಗೆ, ಟೈಟಾನಿಕ್ ದುರಂತದ ನಂತರ ಬಂದ ಸುರಕ್ಷತಾ ಒತ್ತಾಯದಂತೆ ಹೆಚ್ಚುವರಿ ಜೀವರಕ್ಷಕ ದೋಣಿಗಳನ್ನು ಮೇಲಟ್ಟದಲ್ಲಿ ಅಳವಡಿಸಲಾಗಿತ್ತು ಎಂಬ ಸಂಗತಿಯನ್ನು ಓದುವಾಗ ಮನಸ್ಸು ಕುಗ್ಗುತ್ತದೆ. ಪ್ರವಾಸಿ ದೋಣಿಯಲ್ಲಿ ಒಂದು ಬದಿಗೆ ಏನೋ ಕಾಣಿಸಿತೆಂದು ಎಲ್ಲರೂ ಫೋಟೋ ತೆಗೆಯಲು ಒಟ್ಟಿಗೆ ಅತ್ತ ಧಾವಿಸಿದಾಗ ಆಗುವುದೂ ಇದೇ. ಮೇಲಟ್ಟದಲ್ಲಿ ಜನ ಹೆಚ್ಚಿದ್ದಷ್ಟೂ ಅಪಾಯ ಹೆಚ್ಚು.

ಒಳಗೆ ಸೇರಿದ ನೀರಿನ ಓಡಾಟ

ದೋಣಿಯ ತಳದಲ್ಲಿ ಸ್ವಲ್ಪ ನೀರು ಸೇರಿದ್ದರೆ ಬಹಳ ಜನ ಅದನ್ನು ಕಾಲು ಒದ್ದೆಯಾಗುವ ಕಿರಿಕಿರಿ ಎಂದಷ್ಟೇ ಭಾವಿಸುತ್ತಾರೆ. ಅಗಲವಾದ ತಟ್ಟೆಯಲ್ಲಿ ಅರ್ಧ ಬೆರಳಷ್ಟು ನೀರು ಹಾಕಿ ಕೈಯಲ್ಲಿ ಹಿಡಿದು ನಡೆದು ನೋಡಿದರೆ ವಿಷಯ ಬೇರೆಯೇ ಎಂದು ತಿಳಿಯುತ್ತದೆ. ತಟ್ಟೆ ತುಸು ವಾಲಿದರೂ ನೀರೆಲ್ಲ ಆ ಬದಿಗೆ ಹರಿದು ವಾಲಿಕೆಯನ್ನು ಹೆಚ್ಚಿಸುತ್ತದೆ. ಅಷ್ಟೇ ನೀರನ್ನು ಕಿರಿದಾದ ಚೊಂಬಿನಲ್ಲಿ ಒಯ್ದರೆ ಈ ತೊಂದರೆಯಿಲ್ಲ. ನೀರಿನ ತೂಕಕ್ಕಿಂತ ಅದರ ಸ್ವತಂತ್ರ ಓಡಾಟವೇ ಇಲ್ಲಿನ ಅಪಾಯ. ಹಡಗು ಕಟ್ಟುವವರು ಇದನ್ನು ಮುಕ್ತ ಮೇಲ್ಮೈ ಪರಿಣಾಮ ಎನ್ನುತ್ತಾರೆ, ಮತ್ತು ಟ್ಯಾಂಕುಗಳ ಒಳಗೆ ಅಡ್ಡಗೋಡೆಗಳನ್ನು ಹಾಕಿ ದೊಡ್ಡ ತಟ್ಟೆಯನ್ನು ಹಲವು ಚೊಂಬುಗಳಾಗಿ ಒಡೆಯುತ್ತಾರೆ.

ವಾಹನಗಳನ್ನು ಸಾಗಿಸುವ ಫೆರಿಗಳಲ್ಲಿ ಹೀಗೆ ಒಡೆಯುವುದು ಕಷ್ಟ, ಏಕೆಂದರೆ ವಾಹನ ಓಡಾಡಲು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ಬಯಲಿನಂಥ ಅಟ್ಟ ಬೇಕು. 1987ರ ಮಾರ್ಚ್ 6ರಂದು ಬೆಲ್ಜಿಯಂನ ಝೀಬ್ರುಗೆ ಬಂದರಿನಿಂದ ಹೊರಟ ಹೆರಾಲ್ಡ್ ಆಫ್ ಫ್ರೀ ಎಂಟರ್‌ಪ್ರೈಸ್ ಎಂಬ ಫೆರಿಯ ಮುಂಬಾಗಿಲನ್ನು ಯಾರೂ ಮುಚ್ಚಿರಲಿಲ್ಲ. ಮುಚ್ಚಿದೆಯೇ ಇಲ್ಲವೇ ಎಂದು ತಿಳಿಸುವ ದೀಪ ಚಾಲನಾ ಕೊಠಡಿಯಲ್ಲಿ ಇರಲಿಲ್ಲ. ವೇಗ ಹೆಚ್ಚಿದಂತೆ ವಾಹನದ ಅಟ್ಟಕ್ಕೆ ನೀರು ನುಗ್ಗಿ ಅತ್ತಿಂದಿತ್ತ ಹರಿಯತೊಡಗಿತು, ಒಂದೆರಡು ನಿಮಿಷಗಳೊಳಗೆ ಹಡಗು ಪಕ್ಕಕ್ಕೆ ಮಲಗಿತು. 193 ಜನ ಪ್ರಾಣ ಕಳೆದುಕೊಂಡರು.

ಇದರ ಪುಟ್ಟ ರೂಪ ಎಲ್ಲ ಸಣ್ಣ ದೋಣಿಗಳಲ್ಲೂ ಕಾಣಸಿಗುತ್ತದೆ, ಮತ್ತು ಅದು ಶುರುವಾಗುವುದು ಸಾಮಾನ್ಯವಾಗಿ ಒಂದು ಬಿರಡೆಯಿಂದ.

ಮರೆತ ಬಿರಡೆ, ಜಾರುವ ಇಳಿಜಾರು

ಟ್ರೇಲರ್ ಮೇಲೆ ಸಾಗಿಸುವ ಎಂಜಿನ್ ದೋಣಿಗಳ ಹಿಂಭಾಗದ ತಳದಲ್ಲಿ ಒಂದು ತೂತಿರುತ್ತದೆ. ದೋಣಿ ದಡದಲ್ಲಿರುವಾಗ ಮಳೆನೀರು, ತೊಳೆದ ನೀರು ಹರಿದುಹೋಗಲೆಂದು ಅದರ ಬಿರಡೆಯನ್ನು ತೆಗೆದಿಡುತ್ತಾರೆ. ಮರಳಿ ಹಾಕದೆ ದೋಣಿಯನ್ನು ನೀರಿಗಿಳಿಸುವುದು ಈ ಹವ್ಯಾಸದ ಅತ್ಯಂತ ಹಳೆಯ, ಅತ್ಯಂತ ಮುಜುಗರದ ತಪ್ಪು. ತೂತು 25 ಮಿಲಿಮೀಟರ್ ಅಗಲವಿದ್ದು, ನೀರಿನ ಮಟ್ಟಕ್ಕಿಂತ 30 ಸೆಂಟಿಮೀಟರ್ ಕೆಳಗಿದ್ದರೆ ಅದರ ಮೂಲಕ ನಿಮಿಷಕ್ಕೆ ಸುಮಾರು 40 ಲೀಟರ್ ನೀರು ಒಳಬರುತ್ತದೆ. ಹತ್ತು ನಿಮಿಷದಲ್ಲಿ 400 ಕಿಲೋ, ಅಂದರೆ ಆರು ಮಂದಿ ವಯಸ್ಕರ ಭಾರ. ಅದೂ ಕುಳಿತಲ್ಲಿ ಕೂರದೆ ಸದಾ ಅತ್ತಿತ್ತ ಹರಿದಾಡುವ ಭಾರ. ನೆಲಹಲಗೆಯ ಕೆಳಗೆ ಸೇರುವ ಈ ನೀರು ಮೊದಲು ಕಣ್ಣಿಗೆ ಬೀಳುವುದಿಲ್ಲ. ದೋಣಿ ಏಕೋ ಭಾರವಾಗಿದೆ, ತಿರುವಿನಲ್ಲಿ ಮಂದವಾಗಿದೆ ಎನಿಸುವ ಹೊತ್ತಿಗೆ ಅರ್ಧ ಅನಾಹುತ ಆಗಿಹೋಗಿರುತ್ತದೆ. ಕೀಲಿಕೈಯನ್ನೂ ಬಿರಡೆಯನ್ನೂ ಒಂದೇ ದಾರದಲ್ಲಿ ಕಟ್ಟಿಡುವವರು ಇದನ್ನು ಬಹಳ ಸರಳವಾಗಿ ತಪ್ಪಿಸಿಕೊಂಡಿದ್ದಾರೆ.

ದೋಣಿ ಇಳಿಸುವ ಇಳಿಜಾರು ಕಟ್ಟೆಯೂ ಮೋಸದ ಜಾಗ. ನೀರು ಸದಾ ತಾಗುವ ಮಟ್ಟದಲ್ಲಿ ಪಾಚಿ ಬೆಳೆದಿರುತ್ತದೆ, ವಾಹನದ ಹಿಂಚಕ್ರಗಳು ನಿಲ್ಲುವುದು ಸರಿಯಾಗಿ ಅಲ್ಲಿಯೇ. ಹಿಂಚಕ್ರಗಳಿಂದ ಮಾತ್ರ ಎಳೆಯುವ ವಾಹನವಾದರೆ ಹಿಡಿತ ತಪ್ಪುತ್ತದೆ. ಕೈಬ್ರೇಕ್ ಸಡಿಲವಿದ್ದರೆ ದೋಣಿಯ ಜೊತೆ ವಾಹನವೂ ನೀರು ಸೇರುತ್ತದೆ. ದೋಣಿಯನ್ನು ಟ್ರೇಲರಿಗೆ ಬಿಗಿದ ಪಟ್ಟಿಯನ್ನು ದೂರದಲ್ಲೇ ಬಿಚ್ಚಿಬಿಟ್ಟರೆ ದೋಣಿ ನೀರು ಮುಟ್ಟುವ ಮೊದಲೇ ಕಾಂಕ್ರೀಟಿನ ಮೇಲೆ ಜಾರಿ ಬೀಳುತ್ತದೆ, ಬಿಚ್ಚುವುದನ್ನು ಮರೆತರೆ ದೋಣಿ ತೇಲುತ್ತಾ ಟ್ರೇಲರನ್ನೂ ಎತ್ತಿಕೊಳ್ಳುತ್ತದೆ. ಇವೆಲ್ಲ ನಡೆಯುವುದು ಹಿಂದೆ ಸಾಲುಗಟ್ಟಿ ಕಾಯುತ್ತಿರುವವರ ಕಣ್ಣೆದುರಿಗೆ. ಆ ನೋಟಗಳ ಒತ್ತಡದಲ್ಲಿ ಮಾಡುವ ಅವಸರವೇ ಹೆಚ್ಚಿನ ತಪ್ಪುಗಳ ಮೂಲ ಎಂಬುದು ನನ್ನ ಎಣಿಕೆ. ಪಟ್ಟಿ, ಬಿರಡೆ, ಹಗ್ಗ, ಇಂಧನಗಳನ್ನು ಇಳಿಜಾರಿಗೆ ಬರುವ ಮೊದಲು, ಸಮತಟ್ಟಾದ ಜಾಗದಲ್ಲಿ ನಿಂತು ನೋಡಿಕೊಂಡರೆ ಆ ಒತ್ತಡದ ಅರ್ಧಭಾಗ ಇಲ್ಲವಾಗುತ್ತದೆ.

ದಡಕ್ಕೂ ದೋಣಿಗೂ ನಡುವಿನ ಒಂದು ಹೆಜ್ಜೆ

ನೆಲದ ಮೇಲೆ ನಡೆಯುವಾಗ ನಾವು ಪ್ರತಿ ಹೆಜ್ಜೆಯಲ್ಲೂ ನೆಲವನ್ನು ಹಿಂದಕ್ಕೆ ತಳ್ಳುತ್ತೇವೆ. ನೆಲ ಅಲುಗದೆ ನಿಲ್ಲುವುದರಿಂದ ನಾವು ಮುಂದಕ್ಕೆ ಹೋಗುತ್ತೇವೆ. ದೋಣಿ ಹೀಗೆ ಅಲುಗದೆ ನಿಲ್ಲುವುದಿಲ್ಲ. 60 ಕಿಲೋ ತೂಕದ ವ್ಯಕ್ತಿ 60 ಕಿಲೋ ತೂಕದ, ಹಗ್ಗ ಕಟ್ಟದ ದೋಣಿಯಿಂದ ಜೆಟ್ಟಿಗೆ ಹೆಜ್ಜೆ ಹಾಕಿದರೆ, ಅವನು ಮುಂದಕ್ಕೆ ಪಡೆಯುವ ವೇಗದಷ್ಟೇ ವೇಗದಲ್ಲಿ ದೋಣಿ ಹಿಂದಕ್ಕೆ ಸರಿಯುತ್ತದೆ. 600 ಕಿಲೋ ತೂಕದ ದೋಣಿಯಾದರೆ ಅದರ ಹತ್ತನೇ ಒಂದು ಪಾಲು. ಕ್ರಿಯೆಗೆ ಸಮನಾದ ಪ್ರತಿಕ್ರಿಯೆ ಎಂಬ ನ್ಯೂಟನ್ನನ ಮೂರನೇ ನಿಯಮ ಇಷ್ಟು ಸ್ಪಷ್ಟವಾಗಿ ಕಾಣುವ ಜಾಗ ಬೇರೆಯಿಲ್ಲ.

ಅರ್ಧ ದಾರಿಯಲ್ಲಿ ಅನುಮಾನ ಬಂದು ನಿಂತವರ ಪಾಡು ಇನ್ನೂ ಕಷ್ಟ. ಎರಡು ಕಾಲೂ ಹೊರಮುಖವಾಗಿ ಒತ್ತುವುದರಿಂದ ಅಂತರ ಇನ್ನಷ್ಟು ಹಿಗ್ಗುತ್ತದೆ, ಮೈಯ ಭಾರವನ್ನು ಯಾವ ಕಾಲಿಗೂ ಪೂರ್ತಿಯಾಗಿ ಒಪ್ಪಿಸಲಾಗುವುದಿಲ್ಲ. ಆದ್ದರಿಂದ ದೋಣಿಯನ್ನು ಹಗ್ಗದಿಂದ ಬಿಗಿದ ಮೇಲೆಯೇ, ಕೈಯಲ್ಲಿ ಏನನ್ನೂ ಹಿಡಿಯದೆ, ಅಂಚನ್ನು ತುಳಿಯದೆ ದೋಣಿಯ ನಡುಗೆರೆಯ ಮೇಲೆ ಕಾಲಿಟ್ಟು, ಭಾರವನ್ನು ತಡಮಾಡದೆ ಆ ಕಾಲಿಗೆ ವರ್ಗಾಯಿಸಿ ತಕ್ಷಣ ಕುಳಿತುಕೊಳ್ಳಬೇಕು. ಸಾಮಾನನ್ನು ಮೊದಲು ಒಬ್ಬರಿಂದ ಒಬ್ಬರಿಗೆ ದಾಟಿಸುವುದು ಲೇಸು.

ಇಳಿಯುವಾಗ ಬೀಳುವವರ ಮನಸ್ಥಿತಿಯೇ ಬೇರೆ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಎಂಬ ಗಾದೆಯಂತೆ, ದಡ ಹತ್ತಿರ ಕಂಡೊಡನೆ ಪಯಣ ಮುಗಿಯಿತೆಂದು ಎಲ್ಲರೂ ಒಟ್ಟಿಗೆ ಎದ್ದು ನಿಲ್ಲುತ್ತಾರೆ. ಗುರುತ್ವ ಕೇಂದ್ರ ಏರುವುದು, ಭಾರ ಜೆಟ್ಟಿಯ ಬದಿಗೆ ಸರಿಯುವುದು, ದೋಣಿ ಜೆಟ್ಟಿಗೆ ತಾಗಿ ಕುಲುಕುವುದು ಈ ಮೂರೂ ಒಂದೇ ಕ್ಷಣದಲ್ಲಿ ಸಂಭವಿಸುತ್ತವೆ. ದೋಣಿ ನಡೆಸುವವರು ಹೇಳುವವರೆಗೆ ಕುಳಿತೇ ಇರಬೇಕೆಂಬ ಸೂಚನೆಗೆ ಇದಕ್ಕಿಂತ ಬೇರೆ ಕಾರಣ ಬೇಕಿಲ್ಲ.

ಹೇಳಲು ಸಂಕೋಚವೆನಿಸಿದರೂ ಬಿಡಲಾಗದ ಇನ್ನೊಂದು ಸಂದರ್ಭವಿದೆ. ಸಣ್ಣ ದೋಣಿಯ ಅಂಚಿನಲ್ಲಿ ನಿಂತು ಮೂತ್ರ ಮಾಡಲು ಹೋಗಿ ನೀರಿಗೆ ಬೀಳುವ ಗಂಡಸರಿದ್ದಾರೆ. ಭಾರ ಎತ್ತರದಲ್ಲಿ, ಅದೂ ಅಂಚಿನಲ್ಲಿ, ಕೈಗಳಿಗೆ ಹಿಡಿತವಿಲ್ಲ, ಬಹುಹೊತ್ತು ಕುಳಿತು ಎದ್ದು ನಿಂತಾಗ ರಕ್ತದೊತ್ತಡ ಕ್ಷಣಕಾಲ ಇಳಿದು ತಲೆಸುತ್ತುವ ಸಾಧ್ಯತೆಯೂ ಇದೆ. ಮದ್ಯ ಸೇವಿಸಿದ್ದರೆ ಒಳಗಿವಿಯ ಸಮತೋಲನ ವ್ಯವಸ್ಥೆಯೂ ಕೈಕೊಡುತ್ತದೆ. ದೋಣಿಯೊಳಗೆ ಕುಳಿತು ಒಂದು ಡಬ್ಬಿಯನ್ನು ಬಳಸುವುದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ಬ್ರೇಕ್ ಇಲ್ಲದ ವಾಹನ

ಕಾರು ನಡೆಸಿ ರೂಢಿಯಾದವರಿಗೆ ದೋಣಿ ಹೇಳಿದ ಮಾತು ಕೇಳದ ವಾಹನವೆನಿಸುತ್ತದೆ. ಕಾರಿನಲ್ಲಿ ಮುಂದಿನ ಚಕ್ರ ತಿರುಗುತ್ತದೆ, ಹಿಂಭಾಗ ಅದನ್ನು ಹಿಂಬಾಲಿಸುತ್ತದೆ. ದೋಣಿಯಲ್ಲಿ ಚುಕ್ಕಾಣಿಯಾಗಲೀ ದೋಣಿಯ ಹೊರಗೆ ತೂಗುಹಾಕುವ ಔಟ್‌ಬೋರ್ಡ್ ಎಂಜಿನ್ನಾಗಲೀ ಇರುವುದು ಹಿಂಭಾಗದಲ್ಲಿ. ಮೂತಿಯನ್ನು ಬಲಕ್ಕೆ ತಿರುಗಿಸಬೇಕಾದರೆ ಅದು ಹಿಂಭಾಗವನ್ನು ಎಡಕ್ಕೆ ತಳ್ಳುತ್ತದೆ. ಎಡಬದಿಯಲ್ಲಿ ಜೆಟ್ಟಿ ಇದ್ದಾಗ ಅದರಿಂದ ದೂರ ಹೋಗಲೆಂದು ಬಲಕ್ಕೆ ಗಕ್ಕನೆ ತಿರುಗಿಸಿದವರ ದೋಣಿಯ ಹಿಂಭಾಗ ಜೆಟ್ಟಿಗೆ ಬಡಿಯುವುದು ಇದರಿಂದಲೇ.

ಎರಡನೆಯ ಗೊಂದಲ ಇನ್ನೂ ಆಳವಾದದ್ದು. ಔಟ್‌ಬೋರ್ಡ್ ಎಂಜಿನ್ ದೋಣಿಯನ್ನು ತಿರುಗಿಸುವುದು ಪ್ರೊಪೆಲರ್ ಎಂಬ ತಿರುಗುವ ರೆಕ್ಕೆಗಳು ಹಿಂದಕ್ಕೆ ಚಿಮ್ಮಿಸುವ ನೀರಿನ ದಿಕ್ಕನ್ನು ಬದಲಿಸುವುದರ ಮೂಲಕ. ಗೇರನ್ನು ನ್ಯೂಟ್ರಲ್‌ಗೆ ತಂದರೆ ಆ ನೀರಿನ ಧಾರೆಯೇ ಇರುವುದಿಲ್ಲ, ಆಗ ಚಕ್ರವನ್ನು ಎಷ್ಟು ತಿರುಗಿಸಿದರೂ ದೋಣಿ ತನ್ನ ಪಾಡಿಗೆ ಸಾಗುತ್ತದೆ. ಹೆದರಿದ ಹೊಸಬರು ಎಂಜಿನ್ನಿನ ಹಿಡಿಯನ್ನು ಮುಂದಕ್ಕೋ ಹಿಂದಕ್ಕೋ ಜೋರಾಗಿ ದೂಡುತ್ತಾರೆ. ನಿಧಾನವಾಗಿ ತಾಗಬೇಕಾಗಿದ್ದ ದೋಣಿ ವೇಗವಾಗಿ ಗುದ್ದುತ್ತದೆ. ಈ ನಡುವೆ ಗಾಳಿ ದೋಣಿಯ ಮೇಲ್ಭಾಗವನ್ನೂ ಪ್ರವಾಹ ಕೆಳಭಾಗವನ್ನೂ ಬೇರೆ ಬೇರೆ ದಿಕ್ಕಿಗೆ ಒಯ್ಯುತ್ತಿರಬಹುದು. ಎಷ್ಟು ವೇಗದಲ್ಲಿ ಗುದ್ದಿದರೆ ನಷ್ಟವಾಗದೋ ಅದಕ್ಕಿಂತ ಹೆಚ್ಚಿನ ವೇಗದಲ್ಲಿ ಜೆಟ್ಟಿಯ ಬಳಿ ಬರಬಾರದು ಎಂಬುದು ಅನುಭವಿಗಳ ಅಳತೆ. ಸಾಧ್ಯವಾದಾಗ ಗಾಳಿ ಅಥವಾ ಪ್ರವಾಹಕ್ಕೆ ಎದುರಾಗಿ ಬಂದರೆ ಅವೇ ಬ್ರೇಕಿನ ಕೆಲಸ ಮಾಡುತ್ತವೆ.

ಗುದ್ದುವುದನ್ನು ತಪ್ಪಿಸಲು ಕೈ ಅಥವಾ ಕಾಲು ಚಾಚುವುದು ಸಹಜ ಪ್ರತಿಕ್ರಿಯೆ, ಮತ್ತು ಮೂಳೆ ಮುರಿಯುವ ಖಚಿತ ದಾರಿ. 2 ಟನ್ ತೂಕದ ದೋಣಿ ಸೆಕೆಂಡಿಗೆ ಒಂದು ಮೀಟರ್, ಅಂದರೆ ನಿಧಾನದ ನಡಿಗೆಯ ವೇಗದಲ್ಲಿ ಬರುತ್ತಿದೆ ಎಂದುಕೊಳ್ಳೋಣ. ಅದನ್ನು 10 ಸೆಂಟಿಮೀಟರ್ ಅಂತರದಲ್ಲಿ ನಿಲ್ಲಿಸಲು ಸುಮಾರು ಒಂದು ಟನ್ ಭಾರಕ್ಕೆ ಸಮನಾದ ಬಲ ಬೇಕು. ದೋಣಿ ಸದ್ದಿಲ್ಲದೆ, ಹಗುರವಾಗಿ ತೇಲಿ ಬರುವುದರಿಂದ ಅದರ ಭಾರ ನಮ್ಮ ಅರಿವಿಗೆ ಬರುವುದಿಲ್ಲ. ಆ ಕೆಲಸಕ್ಕೆಂದೇ ಗಾಳಿ ತುಂಬಿದ ರಬ್ಬರ್ ಮೆತ್ತೆಗಳಿವೆ. ದೋಣಿಯ ಬಣ್ಣ ಕೆರೆದರೂ ಚಿಂತೆಯಿಲ್ಲ, ಬೆರಳು ಉಳಿಯಬೇಕು. ಬಿಗಿದ ಹಗ್ಗವನ್ನು ಕೈಗೆ ಸುತ್ತಿಕೊಳ್ಳುವುದು, ಹಗ್ಗದ ಸುರುಳಿಯ ಒಳಗೆ ಕಾಲಿಟ್ಟು ನಿಲ್ಲುವುದು ಇವೂ ಇದೇ ವರ್ಗದ ತಪ್ಪುಗಳು. ಹಿಗ್ಗುವ ಗುಣವಿರುವ ನೈಲಾನ್ ಹಗ್ಗ ತುಂಡಾದರೆ ಚಾಟಿಯಂತೆ ಹಿಂದಕ್ಕೆ ಬಡಿಯುತ್ತದೆ, ಆದ್ದರಿಂದ ಅದರ ನೇರಕ್ಕೆ ನಿಲ್ಲಬಾರದು.

ದೊಡ್ಡ ಹಡಗುಗಳ ನುರಿತ ಕಪ್ತಾನರನ್ನೂ ನೀರು ಬೆಚ್ಚಿಬೀಳಿಸುತ್ತದೆ. ಆಳವಿಲ್ಲದ ನೀರಿನಲ್ಲಿ ವೇಗವಾಗಿ ಸಾಗುವ ಹಡಗಿನ ಕೆಳಗಿನ ಇಕ್ಕಟ್ಟಿನಲ್ಲಿ ನೀರು ಹೆಚ್ಚು ವೇಗವಾಗಿ ಹರಿಯುತ್ತದೆ, ಅದರಿಂದ ಅಲ್ಲಿನ ಒತ್ತಡ ತಗ್ಗಿ ಹಡಗು ನಿಂತಿದ್ದಾಗ ಮುಳುಗಿರುವುದಕ್ಕಿಂತ ಹೆಚ್ಚು ಕೆಳಗಿಳಿಯುತ್ತದೆ. 1992ರ ಆಗಸ್ಟಿನಲ್ಲಿ ಕ್ವೀನ್ ಎಲಿಜಬೆತ್ 2 ಎಂಬ ಪ್ರಸಿದ್ಧ ಪ್ರಯಾಣಿಕ ಹಡಗು ಅಮೆರಿಕದ ಮ್ಯಾಸಚೂಸೆಟ್ಸ್ ಕರಾವಳಿಯ ಬಳಿ ತಳದ ಬಂಡೆಗೆ ಉಜ್ಜಿದ್ದರ ಹಿಂದೆ ಈ ಪರಿಣಾಮವಿತ್ತು. ಕಾಲುವೆಯ ದಂಡೆಯ ಬಳಿಯೂ ಇದೇ ರೀತಿ ಒತ್ತಡ ತಗ್ಗಿ ಹಡಗಿನ ಹಿಂಭಾಗವನ್ನು ದಂಡೆಯತ್ತ ಸೆಳೆಯುತ್ತದೆ. 400 ಮೀಟರ್ ಉದ್ದದ ಎವರ್ ಗಿವನ್ ಎಂಬ ಸರಕು ಹಡಗು 2021ರ ಮಾರ್ಚ್ 23ರಂದು ಬಲವಾದ ಗಾಳಿಯ ನಡುವೆ ಸೂಯೆಜ್ ಕಾಲುವೆಗೆ ಅಡ್ಡಲಾಗಿ ಸಿಕ್ಕಿಕೊಂಡು ಮಾರ್ಚ್ 29ರವರೆಗೆ ಜಗತ್ತಿನ ವ್ಯಾಪಾರವನ್ನೇ ಕಾಯಿಸಿದ ಘಟನೆಯ ನಂತರ ಇಂಥ ಸೆಳೆತಗಳ ಬಗ್ಗೆ ಸಾಕಷ್ಟು ಚರ್ಚೆ ನಡೆಯಿತು.

ಲಂಗರು ಮತ್ತು ಇಳಿತ

ಹಗ್ಗದ ಇನ್ನೊಂದು ತುದಿಯನ್ನು ದೋಣಿಗೆ ಕಟ್ಟದೆ ಲಂಗರನ್ನು ಎಸೆದು, ಹಗ್ಗದ ಬಾಲ ನೀರಿನಲ್ಲಿ ಮರೆಯಾಗುವುದನ್ನು ನೋಡುತ್ತಾ ನಿಂತವರ ಕಥೆಗಳು ದೋಣಿಯವರ ನಡುವೆ ಸಾಮಾನ್ಯ. ಅದರಿಂದ ಲಂಗರು ಮಾತ್ರ ನಷ್ಟ. ಅದಕ್ಕಿಂತ ಕೆಟ್ಟದ್ದು ಸಣ್ಣ ದೋಣಿಯನ್ನು ಹಿಂಭಾಗದಿಂದ ಲಂಗರಿಗೆ ಕಟ್ಟುವುದು. ಎಂಜಿನ್ನಿನ ಭಾರದಿಂದ ಹಿಂಭಾಗ ಮೊದಲೇ ತಗ್ಗಾಗಿರುತ್ತದೆ, ಹಗ್ಗ ಅದನ್ನು ಇನ್ನೂ ಕೆಳಗೆ ಹಿಡಿಯುತ್ತದೆ, ಚಪ್ಪಟೆಯಾದ ಆ ಭಾಗಕ್ಕೆ ಅಲೆ ಬಡಿದು ನೇರವಾಗಿ ಒಳಗೆ ಸುರಿಯುತ್ತದೆ. ಮೂತಿಯಿಂದ ಕಟ್ಟಿದ ದೋಣಿ ಅಲೆಯನ್ನು ಸೀಳಿಕೊಂಡು ಏರಿಳಿಯುತ್ತದೆ. ಹಗ್ಗದ ಉದ್ದ ನೀರಿನ ಆಳದ ಐದರಿಂದ ಏಳು ಪಟ್ಟು ಇದ್ದರೆ ಮಾತ್ರ ಎಳೆತ ಅಡ್ಡಲಾಗಿ ಬಿದ್ದು ಲಂಗರಿನ ಕೊಕ್ಕೆ ತಳಕ್ಕೆ ಕಚ್ಚುತ್ತದೆ. ಗಿಡ್ಡ ಹಗ್ಗ ಅದನ್ನು ಕಿತ್ತು ಮೇಲೆತ್ತುತ್ತದೆ.

ಸಮುದ್ರ ಮತ್ತು ಅಳಿವೆಗಳಲ್ಲಿ ನೀರಿನ ಮಟ್ಟವೇ ಬದಲಾಗುತ್ತಿರುತ್ತದೆ. ಹೆಚ್ಚಿನ ಕಡೆ ಉಬ್ಬರದಿಂದ ಇಳಿತಕ್ಕೆ ಆರು ಗಂಟೆಗಿಂತ ತುಸು ಹೆಚ್ಚು ಸಮಯ ಹಿಡಿಯುತ್ತದೆ, ಆದರೆ ನೀರು ಒಂದೇ ಸಮನೆ ಇಳಿಯುವುದಿಲ್ಲ. ಒಟ್ಟು ಇಳಿಕೆಯನ್ನು 12 ಪಾಲು ಮಾಡಿದರೆ ಮೊದಲ ಗಂಟೆಯಲ್ಲಿ 1, ಎರಡನೆಯದರಲ್ಲಿ 2, ಮೂರು ಮತ್ತು ನಾಲ್ಕನೆಯದರಲ್ಲಿ ತಲಾ 3, ಮುಂದೆ 2, ಕೊನೆಗೆ 1 ಪಾಲು ಇಳಿಯುತ್ತದೆ ಎಂಬುದು ನಾವಿಕರ ಸ್ಥೂಲ ಲೆಕ್ಕ. ಒಟ್ಟು 4 ಮೀಟರ್ ಇಳಿಯುವ ಕಡೆ ನಡುವಿನ ಎರಡೇ ಗಂಟೆಗಳಲ್ಲಿ 2 ಮೀಟರ್ ಹೋಗಿಬಿಡುತ್ತದೆ. ಉಬ್ಬರದಲ್ಲಿ ಗೋಡೆಗೆ ಗಿಡ್ಡ ಹಗ್ಗದಿಂದ ದೋಣಿ ಕಟ್ಟಿ ಊಟಕ್ಕೆ ಹೋದವರು ಮರಳಿ ಬಂದಾಗ ಅದು ಗೋಡೆಯಿಂದ ನೇತಾಡುತ್ತಿರುವುದನ್ನು ಕಾಣುವುದು ಈ ಲೆಕ್ಕ ತಪ್ಪಿದ್ದರಿಂದ. ಮರಳುದಿಬ್ಬಕ್ಕೆ ದೋಣಿ ಸಿಕ್ಕಿಕೊಂಡಾಗಲೂ ಮೊದಲು ಕೇಳಬೇಕಾದದ್ದು ನೀರು ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದೇ. ಏರುತ್ತಿದ್ದರೆ ಕಾದರೆ ಸಾಕು.

ನೀರಿಗೆ ಬಿದ್ದವರ ಮೊದಲ ನಿಮಿಷ

ಈಜು ಬರುತ್ತದೆ, ಹಾಗಾಗಿ ಲೈಫ್ ಜಾಕೆಟ್ ಬೇಡ ಎನ್ನುವವರು ತಣ್ಣೀರಿನ ಗುಣವನ್ನು ಅರಿತಿರುವುದಿಲ್ಲ. ಹಠಾತ್ತನೆ ತಣ್ಣೀರಿಗೆ ಬಿದ್ದ ದೇಹ ತನ್ನಿಚ್ಛೆಯಿಲ್ಲದೆಯೇ ದೊಡ್ಡದಾಗಿ ಉಸಿರೆಳೆದುಕೊಳ್ಳುತ್ತದೆ. ಆ ಕ್ಷಣದಲ್ಲಿ ಮುಖ ನೀರಿನೊಳಗಿದ್ದರೆ ಶ್ವಾಸಕೋಶಕ್ಕೆ ಸೇರುವುದು ನೀರು. ರಕ್ಷಣಾ ತರಬೇತಿಗಳಲ್ಲಿ ಇದನ್ನು ಒಂದು, ಹತ್ತು, ಒಂದು ಎಂಬ ಸೂತ್ರದಲ್ಲಿ ಕಲಿಸುತ್ತಾರೆ. ಬಹಳ ತಣ್ಣನೆಯ ನೀರಿನಲ್ಲಿ ಉಸಿರನ್ನು ಹತೋಟಿಗೆ ತರಲು ಸುಮಾರು ಒಂದು ನಿಮಿಷ, ಕೈಕಾಲುಗಳು ಮಾತು ಕೇಳುವುದು ಸುಮಾರು ಹತ್ತು ನಿಮಿಷ, ದೇಹದ ಬಿಸಿ ಕುಸಿದು ಪ್ರಜ್ಞೆ ತಪ್ಪಲು ಸುಮಾರು ಒಂದು ಗಂಟೆ. ಅಂದರೆ ಚಳಿ ಕೊಲ್ಲುವುದಕ್ಕೆ ಬಹಳ ಮೊದಲೇ ಈಜುವ ಶಕ್ತಿ ಹೋಗಿರುತ್ತದೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಮೈಯ ಬಿಸಿಯನ್ನು ಹೀರುವುದೇ ಇದಕ್ಕೆ ಕಾರಣ.

ಅಮೆರಿಕದ ಕರಾವಳಿ ರಕ್ಷಣಾ ಪಡೆ ವರ್ಷ ವರ್ಷವೂ ಪ್ರಕಟಿಸುವ ವಿಹಾರ ದೋಣಿ ಅಪಘಾತಗಳ ವರದಿಗಳು ಬಹುಮಟ್ಟಿಗೆ ಒಂದೇ ಚಿತ್ರವನ್ನು ಕೊಡುತ್ತವೆ: ಸತ್ತವರಲ್ಲಿ ಸುಮಾರು ನಾಲ್ಕರಲ್ಲಿ ಮೂರು ಪಾಲು ಜನ ಮುಳುಗಿ ಸತ್ತವರು, ಹಾಗೆ ಮುಳುಗಿದವರಲ್ಲಿ ಹತ್ತರಲ್ಲಿ ಎಂಟಕ್ಕಿಂತ ಹೆಚ್ಚು ಮಂದಿ ಲೈಫ್ ಜಾಕೆಟ್ ಧರಿಸಿರಲಿಲ್ಲ. ಮನುಷ್ಯನ ದೇಹ ಬಹುತೇಕ ನೀರಿನಷ್ಟೇ ಸಾಂದ್ರವಾಗಿರುವುದರಿಂದ ತಲೆಯನ್ನು ಮೇಲೆ ಹಿಡಿಯಲು ಬೇಕಾದ ಹೆಚ್ಚುವರಿ ಆಸರೆ ಬರೀ 3ರಿಂದ 5 ಕಿಲೋ. ಅಷ್ಟು ಚಿಕ್ಕ ಆಸರೆ ಇಷ್ಟು ದೊಡ್ಡ ವ್ಯತ್ಯಾಸ ತರುತ್ತದೆ. ಆದರೆ ಸೀಟಿನ ಕೆಳಗಿಟ್ಟ ಜಾಕೆಟನ್ನು ನೀರಿಗೆ ಬಿದ್ದ ಮೇಲೆ ಹಾಕಿಕೊಳ್ಳುವುದು ಕಾರು ಗುದ್ದುತ್ತಿರುವಾಗ ಸೀಟ್ ಬೆಲ್ಟ್ ಹುಡುಕಿದಂತೆ. ಜಾಕೆಟ್ಟಿನ ಮೇಲೆ ನ್ಯೂಟನ್ ಲೆಕ್ಕದಲ್ಲಿ ಅದರ ಬಲ ಬರೆದಿರುತ್ತದೆ. 50 ನ್ಯೂಟನ್ನಿನದು ಎಚ್ಚರವಿರುವ ಈಜುಗಾರನಿಗೆ ನೆರವು ಮಾತ್ರ, ಪ್ರಜ್ಞೆ ತಪ್ಪಿದವರ ಮುಖವನ್ನು ಮೇಲಕ್ಕೆ ತಿರುಗಿಸುವಂತೆ ರೂಪಿಸಿದವು 100 ಮತ್ತು 150 ನ್ಯೂಟನ್ನಿನವು.

ಎಂಜಿನ್ ದೋಣಿ ನಡೆಸುವವರು ತಮ್ಮ ಮೈಗೆ ಕಟ್ಟಿಕೊಳ್ಳಬೇಕಾದ ಒಂದು ದಾರವಿದೆ. ಅವರು ಬಿದ್ದರೆ ದಾರ ಎಳೆದು ಎಂಜಿನ್ ನಿಲ್ಲುತ್ತದೆ. ಅದನ್ನು ಕಟ್ಟಿಕೊಳ್ಳದಿದ್ದರೆ, ಹಿಡಿಯುವವರಿಲ್ಲದ ದೋಣಿ ಎಷ್ಟೋ ಬಾರಿ ನೇರ ಹೋಗದೆ ವೃತ್ತಾಕಾರವಾಗಿ ಸುತ್ತುತ್ತಾ, ಬಿದ್ದವರ ಮೇಲೆಯೇ ಪ್ರೊಪೆಲರ್ ಸಮೇತ ಮರಳಿ ಬರುತ್ತದೆ. ದೋಣಿ ಮಗುಚಿದರೆ ದಡ ಹತ್ತಿರ ಕಂಡರೂ ಈಜಲು ಹೊರಡದೆ ದೋಣಿಯನ್ನೇ ಹಿಡಿದುಕೊಂಡಿರುವುದು ಸಾಮಾನ್ಯವಾಗಿ ಸುರಕ್ಷಿತ. ತೇಲುವ ಆಸರೆಯೂ ಅದೇ, ಹುಡುಕುವವರ ಕಣ್ಣಿಗೆ ಬೀಳುವುದೂ ಅದೇ. ಬಿದ್ದವರನ್ನು ಮರಳಿ ಹತ್ತಿಸುವಾಗ ಎಂಜಿನ್ ನಿಲ್ಲಿಸಿ, ಸಣ್ಣ ದೋಣಿಯಾದರೆ ಪಕ್ಕದಿಂದಲ್ಲದೆ ಹಿಂಭಾಗದಿಂದ ಎಳೆದುಕೊಳ್ಳಬೇಕು, ಇಲ್ಲವಾದರೆ ಎಲ್ಲರ ಭಾರ ಒಂದೇ ಬದಿಗೆ ಬಿದ್ದು ದೋಣಿಯೇ ಮಗುಚೀತು. ದಡದಲ್ಲಿರುವವರು ಕೋಲು ಚಾಚಬಹುದು, ಹಗ್ಗ ಅಥವಾ ತೇಲುವ ವಸ್ತು ಎಸೆಯಬಹುದು. ತರಬೇತಿಯಿಲ್ಲದೆ ನೀರಿಗೆ ಹಾರಿದವರು ಎರಡನೆಯ ಬಲಿಯಾದ ನಿದರ್ಶನಗಳು ಲೋಕದ ಎಲ್ಲ ಕಡೆ ಇವೆ.

ನಾಚಿಕೆಯ ಪಾತ್ರ

ಇಲ್ಲಿಯವರೆಗೆ ಹೇಳಿದ್ದೆಲ್ಲ ಬಲ, ಭಾರ, ತಾಪಗಳ ಲೆಕ್ಕ. ಆದರೆ ಅಪಘಾತಗಳನ್ನು ಓದುತ್ತಾ ಹೋದಂತೆ ಲೆಕ್ಕಕ್ಕೆ ಸಿಗದ ಇನ್ನೊಂದು ಕಾರಣ ಮತ್ತೆ ಮತ್ತೆ ಎದುರಾಗುತ್ತದೆ. ವಾಸಾ ಹಡಗು ಹೊಯ್ದಾಡಿದ್ದನ್ನು ಕಂಡವರು ಪರೀಕ್ಷೆಯನ್ನು ನಿಲ್ಲಿಸಿ ಸುಮ್ಮನಾದರು. ಇಳಿಜಾರಿನಲ್ಲಿ ಹಿಂದಿನವರ ನೋಟಕ್ಕೆ ಅಂಜಿ ಬಿರಡೆ ಮರೆಯುವವನು, ಹೆದರುಪುಕ್ಕಲ ಎನಿಸಿಕೊಳ್ಳಬಾರದೆಂದು ಜಾಕೆಟ್ ಬೇಡವೆನ್ನುವವನು, ದೋಣಿಯಲ್ಲಿ ಜನ ಹೆಚ್ಚಾಗಿದ್ದಾರೆ ಎನಿಸಿದರೂ ಹೇಳಲು ಹಿಂಜರಿಯುವ ಪ್ರಯಾಣಿಕ, ಇವರೆಲ್ಲರೂ ಅದೇ ಸಾಲಿನವರು. ಯಾರಿಗೂ ಗಾಯವಾಗದ ಎಡವಟ್ಟು ಮುಚ್ಚಿಹೋಗುತ್ತದೆ, ಅದರ ಜೊತೆ ಅದು ಕಲಿಸಬಹುದಾಗಿದ್ದ ಪಾಠವೂ ಮುಚ್ಚಿಹೋಗುತ್ತದೆ.

ಇದನ್ನು ಮನಗಂಡ ದೇಶಗಳು ತಪ್ಪು ಹುಡುಕುವ ಕೆಲಸವನ್ನೂ ಕಾರಣ ಹುಡುಕುವ ಕೆಲಸವನ್ನೂ ಬೇರೆಬೇರೆ ಮಾಡಿವೆ. ಹೆರಾಲ್ಡ್ ದುರಂತದ ನಂತರ, 1989ರಲ್ಲಿ, ಬ್ರಿಟನ್ ಸಾಗರ ಅಪಘಾತಗಳ ತನಿಖೆಗೆಂದೇ ಒಂದು ಪ್ರತ್ಯೇಕ ಶಾಖೆಯನ್ನು ಸ್ಥಾಪಿಸಿತು. ಅದರ ವರದಿಗಳು ಯಾರನ್ನೂ ದೋಷಿಯೆಂದು ನಿರ್ಣಯಿಸುವುದಿಲ್ಲ, ಏನಾಯಿತು ಮತ್ತು ಏಕಾಯಿತು ಎಂಬುದನ್ನಷ್ಟೇ ಹೇಳುತ್ತವೆ. ಸಣ್ಣ ವಿಹಾರ ದೋಣಿಗಳ ಅಪಘಾತಗಳೂ ಅದರ ವ್ಯಾಪ್ತಿಯಲ್ಲಿವೆ.

ಸಮುದ್ರದ ರೇಡಿಯೊ ಸಂಪರ್ಕದ ಪದ್ಧತಿಯಲ್ಲೂ ಈ ಸಂಕೋಚಕ್ಕೆ ಒಂದು ಪರಿಹಾರ ಅಡಗಿದೆ. ಜೀವಕ್ಕೆ ಅಪಾಯ ಬಂದಾಗ ವಿಎಚ್‌ಎಫ್ ರೇಡಿಯೊದ 16ನೇ ಚಾನೆಲ್‌ನಲ್ಲಿ ಮೂರು ಬಾರಿ ಮೇಡೇ ಎಂದು ಕರೆಯಬೇಕೆಂಬುದು ಹಲವರಿಗೆ ಗೊತ್ತು. ಎಂಜಿನ್ ಕೆಟ್ಟು ದೋಣಿ ತೇಲಿಹೋಗುತ್ತಿದೆ, ನೀರು ನಿಧಾನವಾಗಿ ಒಳಬರುತ್ತಿದೆ, ಆದರೆ ಈ ಕ್ಷಣಕ್ಕೆ ಯಾರ ಪ್ರಾಣಕ್ಕೂ ಅಪಾಯವಿಲ್ಲ ಎಂಬಂಥ ಸ್ಥಿತಿಗೆ ಪ್ಯಾನ್ ಪ್ಯಾನ್ ಎಂಬ ಬೇರೆಯೇ ಕರೆಯಿದೆ. ಅದನ್ನೂ ಮೂರು ಬಾರಿ ಹೇಳಿ, ದೋಣಿಯ ಹೆಸರು, ಇರುವ ಜಾಗ, ಜನರ ಸಂಖ್ಯೆ, ಆಗಿರುವ ತೊಂದರೆಯನ್ನು ತಿಳಿಸಬೇಕು. ಇಷ್ಟಕ್ಕೆಲ್ಲ ಜನರನ್ನು ಎಬ್ಬಿಸುವುದೇ ಎಂದು ಅಳುಕುವ ಹೊತ್ತಿಗೆಂದೇ ಈ ಕರೆ ಇರುವುದು. ತೊಂದರೆ ತಾನಾಗಿ ಸರಿಹೋದರೆ ಅದೇ ಚಾನೆಲ್‌ನಲ್ಲಿ ಕರೆಯನ್ನು ಹಿಂತೆಗೆದುಕೊಳ್ಳಬಹುದು, ಸರಿಹೋಗದಿದ್ದರೆ ನೆರವು ಆಗಲೇ ದಾರಿಯಲ್ಲಿರುತ್ತದೆ.